ಅಮ್ಮನ ಬೆನ್ನಿಗೆ ಕುಸುಬೆ ಎಣ್ಣೆ

ಕಲ್ಯಾಣ ನಗರದಲ್ಲಿ ಈಗ ಹೆಜ್ಜೆಗೊಂದು ಗಾಣದ ಎಣ್ಣೆಯ ಅಂಗಡಿ. ಮೊನ್ನೆ ಅಂಥದ್ದೊಂದರ ಮುಂದೆ ಆಟೋ ಕಾಯುತ್ತ ನಿಂತಿದ್ದೆ. ಒಳಗೆ ಕುಸುಬೆ ಅರೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಆಟೋವನ್ನು ಹತ್ತದೆ ಬಿಟ್ಟೆ. ನಮ್ಮದು ಕಡಲೆಕಾಯಿ ಎಣ್ಣೆಯ ಮನೆ, ಕುಸುಬೆಯನ್ನು ಮುಟ್ಟಿದವರಲ್ಲ. ಆದರೂ ಅದು ನನಗೆ ಅಮ್ಮನ ಬೆನ್ನಿನ ವಾಸನೆ...

ಜೋಗುಪಾಳ್ಯದ ನಮ್ಮ ಮನೆಯ ಹಿತ್ತಲಿನಲ್ಲಿ ಬಾಡಿಗೆ ಕೋಣೆಗಳಿದ್ದವು. ಹೊಲ ಬಡಾವಣೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ಅಪ್ಪ ಕಟ್ಟಿಸಿದ್ದು. ಅದರಲ್ಲೊಂದಕ್ಕೆ ಯಾದಗಿರಿ ಕಡೆಯ ಗಾರೆ ಕೆಲಸದವನೊಬ್ಬ ಹೆಂಡತಿಯ ಜೊತೆ ಬಂದು ಸೇರಿದ. ಅವಳನ್ನು ಹಿತ್ತಲ ಅಕ್ಕ ಎನ್ನುತ್ತಿದ್ದೆವು. ಬೆಳಿಗ್ಗೆ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆದು ಬೇಗನೆ ಮರಳುತ್ತಿದ್ದಳು. ಆಮೇಲೆ ಅವಳ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು, ಕುಸುಬೆ ಎಣ್ಣೆಯ ಒಗ್ಗರಣೆ. ಅಮ್ಮ ಮೂಗು ಮುರಿಯುತ್ತಿದ್ದಳು. ಬಾಡಿಗೆಯವರು ಹಿತ್ತಲ ಬಾಗಿಲಿನ ಹೊಸಿಲು ದಾಟಕೂಡದು ಎಂಬುದು ಅಮ್ಮನ ಕಟ್ಟಳೆ. ಏನು ಕೇಳಲು ಬಂದರೂ ಹಿತ್ತಲ ಅಕ್ಕ ಹೊರಗೇ ನಿಲ್ಲುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಹಾಸಿಗೆ ಹಿಡಿದಳು. ಮನೆಯಲ್ಲಿ ನಾನೊಬ್ಬಳೇ. ಆಗಾಗ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನೋಡಿಕೊಳ್ಳಲು ಗೊತ್ತು ಮಾಡಿದ್ದ ಹೆಂಗಸು ಹೇಳದೆ ಕೇಳದೆ ಬಿಟ್ಟುಹೋದಳು. ನಾನು ಹಲಸೂರಿನ ಆಫೀಸಿನಿಂದ ಮಧ್ಯಾಹ್ನ ಓಡಿಬಂದು, ಗಂಜಿ ಕುಡಿಸಿ, ಮಗ್ಗುಲು ತಿರುಗಿಸಿ ಮತ್ತೆ ಓಡುತ್ತಿದ್ದೆ. ಉಳಿದ ಹೊತ್ತೆಲ್ಲ ಅಮ್ಮ ಬಿದ್ದಲ್ಲೇ. ಏನಾದರೂ ಆದರೆ ಯಾರಾದರೂ ಬರಲಿ ಎಂದು ಹಿತ್ತಲ ಬಾಗಿಲನ್ನು ಬೀಗ ಹಾಕದೆ ಸುಮ್ಮನೆ ಎಳೆದು ಹೋಗುತ್ತಿದ್ದೆ. ಇನ್ನೊಂದು ಕೈ ಕೊಡಪ್ಪಾ, ಬೇರೇನೂ ಬೇಡ ಎಂದು ದಿನವೂ ದೇವರನ್ನು ಕೇಳಿದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ದೀಪ ಹಚ್ಚುವುದನ್ನೇ ಬಿಟ್ಟೆ.

ಅದನ್ನು ಗಮನಿಸಿದವಳು ಹಿತ್ತಲ ಅಕ್ಕ. ಹೊಸಿಲಾಚೆ ನಿಂತೇ ಕೇಳಿದಳು, "ದೀಪ ಯಾಕ ಹಚ್ಚಿಲ್ರಿ ಅಕ್ಕಾರ?"

"ಯಾರಿಗೆ ಹಚ್ಲಿ? ಕೇಳಿ ಕೇಳಿ ಸಾಕಾಗೋಯ್ತು."

"ದೇವ್ರು ಕೈ ಬಿಟ್ಟಿಲ್ರಿ. ನಮಗ ಕಾಣವಲ್ದು, ಅಷ್ಟ. ತೋರ್ಸೋ ಹೊತ್ತಿಗೆ ತೋರಿಸ್ತಾನ."

ನನಗೆ ಮೈ ಉರಿಯಿತು. ಉಪದೇಶಕ್ಕೇನು, ಎಲ್ಲರೂ ಮಾಡುತ್ತಾರೆ ಎಂದುಕೊಂಡು ಒಳಗೆ ಬಂದೆ.

ಸಂಜೆ ಅಮ್ಮನ ಬೆನ್ನು ಒರೆಸುವಾಗ ಕುಸುಬೆ ಎಣ್ಣೆಯ ವಾಸನೆ ಬರುತ್ತಿತ್ತು. ಹಿತ್ತಲ ಒಗ್ಗರಣೆ ಹಾಸಿಗೆಗೂ ಹತ್ತಿತಲ್ಲ ಎಂದು ಗೊಣಗುತ್ತ ಕಿಟಕಿ ಮುಚ್ಚುತ್ತಿದ್ದೆ. ಬೆನ್ನು ಮಾತ್ರ ಎಳೆ ಮಗುವಿನ ಬೆನ್ನಿನ ಹಾಗೆ ನುಣ್ಣಗಿತ್ತು. ಸದ್ಯ, ಹಾಸಿಗೆ ಒಳ್ಳೆಯದು ಸಿಕ್ಕಿದೆ ಅಂದುಕೊಂಡೆ... ಅಮ್ಮನ ಕಣ್ಣು ಸದಾ ಹಿತ್ತಲ ಬಾಗಿಲಿನ ಕಡೆಗೇ. ಸಾವನ್ನು ಕಾಯುತ್ತಿದ್ದಾಳೆಂದು ತಿಳಿದು ನಾನು ಅಳುತ್ತಿದ್ದೆ.

ಮೇಸ್ತ್ರಿ ಕೆಲಸದವರನ್ನೆಲ್ಲ ಕೆ.ಆರ್. ಪುರದ ಕಡೆಗೆ ಕರೆದೊಯ್ದ. ಹಿತ್ತಲ ಅಕ್ಕನೂ ಗಂಟುಮೂಟೆ ಕಟ್ಟಿದಳು. ಹೊರಡುವಾಗ ಅದೇ ಹೊಸಿಲಾಚೆ ನಿಂತು, "ಅವ್ವಾರ್ನ ಭಾಳ ಹೊತ್ತು ಒಂದ ಮಗ್ಗಲಿಗೆ ಬಿಡಬ್ಯಾಡ್ರಿ," ಎಂದಳು. ಅದು ನನಗೆ ಗೊತ್ತಿಲ್ಲವೇ ಎನಿಸಿತು. ಹೂಂ ಎಂದೆ.

ಅವಳು ಹೋದ ಕೆಲವೇ ದಿನಗಳಲ್ಲಿ ಅಮ್ಮನ ಸೊಂಟದ ಹತ್ತಿರ ಚರ್ಮ ಕೆಂಪಾಯಿತು, ಆಮೇಲೆ ಒಡೆಯಿತು. ಗಾಬರಿಯಿಂದ ಬಗ್ಗಿ ನೋಡುವಾಗ ತಿಳಿಯಿತು, ಆ ವಾಸನೆ ಇಲ್ಲ. ಒಗ್ಗರಣೆಯ ವಾಸನೆಯಾಗಿದ್ದರೆ ಮನೆಗೆಲ್ಲ ಹತ್ತಬೇಕಿತ್ತು, ಬೆನ್ನಿಗೆ ಮಾತ್ರವಲ್ಲ ಎಂಬುದು ಆಗ ಹೊಳೆಯಿತು.

"ಹಿತ್ತಲ ಅಕ್ಕ ಒಳಗ್ ಬರ್ತಿದ್ಲಾ, ಅಮ್ಮ? ಎಣ್ಣೆ ಹಚ್ತಿದ್ಲಾ?"

ಅಮ್ಮ ಕಣ್ಣು ಮುಚ್ಚಿಕೊಂಡಳು. ನೀರು ಕಿವಿಯವರೆಗೂ ಹರಿಯಿತು. ಹೇಳಲು ಅಮ್ಮನಿಗೆ ಮಾತಿರಲಿಲ್ಲ. ಹೊಸಿಲು ದಾಟಿದ್ದು ತಿಳಿದರೆ ಬಾಗಿಲಿಗೆ ಬೀಗ ಬೀಳುತ್ತದೆಂದು ಹಿತ್ತಲ ಅಕ್ಕ ಹೆದರಿರಬೇಕು. ನಾನು ಬೀಗ ಹಾಕುತ್ತಿರಲಿಲ್ಲ. ಅವಳ ಕಾಲು ಹಿಡಿದುಕೊಳ್ಳುತ್ತಿದ್ದೆ.

ಕೆ.ಆರ್. ಪುರದಲ್ಲಿ ಏಳುತ್ತಿದ್ದ ಕಟ್ಟಡಗಳನ್ನೆಲ್ಲ ಸುತ್ತಿದೆ. ಸಿಗಲಿಲ್ಲ. ಹುಣ್ಣಿನ ನಂಜು ಮೈಗೆಲ್ಲ ಏರಿ ಅಮ್ಮ ಹೋದಳು.

ದೇವರು ತೋರಿಸುತ್ತಾನೆ ಎಂದಿದ್ದಳು ಹಿತ್ತಲ ಅಕ್ಕ. ತೋರಿಸಿದ, ಸುಳ್ಳಲ್ಲ. ನಾನು ಬೇಡುತ್ತಿದ್ದ ಕೈಯನ್ನು ಅವನು ಆಗಲೇ ಕೊಟ್ಟಿದ್ದ. ಕಿತ್ತುಕೊಂಡ ಮೇಲೆ ತೋರಿಸಿದ. ಇದಕ್ಕೆ ಅವನಿಗೆ ಕೈಮುಗಿಯಬೇಕೋ, ಬೈಯಬೇಕೋ ಇವತ್ತಿಗೂ ತಿಳಿದಿಲ್ಲ. ದೀಪವನ್ನಂತೂ ಮತ್ತೆ ಹಚ್ಚಿಲ್ಲ...

ಮೊನ್ನೆ ಆ ಅಂಗಡಿಯೊಳಗೆ ಹೋಗಿ ಒಂದು ಬಾಟಲಿ ಕುಸುಬೆ ಎಣ್ಣೆ ಕೇಳಿದೆ.

"ಅಡುಗೆಗಾ ಮೇಡಂ, ಮೈಗ್ ಹಚ್ಚೋಕಾ?" ಎಂದ ಅಂಗಡಿಯವನು.

ಹಚ್ಚಲು ಮನೆಯಲ್ಲಿ ಯಾರೂ ಇಲ್ಲ. ಅಡುಗೆಗೆ ಎಂದೆ.