ಗೋಲ್ಡ್ ಕಾರ್ಡಿನ ನಿದ್ದೆ

ವಿಮಾನದಲ್ಲಿ ನಿದ್ದೆ ಮಾಡುವುದರಲ್ಲಿ ಶ್ರೀಪತಿಯನ್ನು ಮೀರಿಸುವವರು ಬ್ರಿಸ್ಬೇನಿನ ಕನ್ನಡಿಗರಲ್ಲಿ ಯಾರೂ ಇರಲಿಲ್ಲ. ಈ ಬಿರುದನ್ನು ಯಾರೂ ಕೊಟ್ಟಿರಲಿಲ್ಲ, ಅವನೇ ತಗೊಂಡಿದ್ದ. ಯುಗಾದಿ ಊಟಕ್ಕೋ ಯಾರದೋ ಮನೆಯ ಹಿತ್ತಲಿನ ಬಾರ್ಬೆಕ್ಯೂ ಕೂಟಕ್ಕೋ ನಾಲ್ಕು ಜನ ಸೇರಿದರೆ ಸಾಕು, ಪಾಠ ಶುರು. ಕಿಟಕಿ ಸೀಟೇ ಹಿಡಿಯಬೇಕು, ತಲೆ ಆನಿಸಲು ಗೋಡೆ ಸಿಗುತ್ತದೆ. ವಿಮಾನದ ಊಟ ಮುಟ್ಟಬಾರದು. ವಿಮಾನ ನಿಲ್ದಾಣದ ಲೌಂಜಿನಲ್ಲೇ ಹಗುರವಾಗಿ ತಿಂದು, ಹಲ್ಲುಜ್ಜಿ, ಕಾಲುಚೀಲ ಬದಲಿಸಿಕೊಂಡು ಹತ್ತಬೇಕು. ಬೆಲ್ಟನ್ನು ಹೊದಿಕೆಯ ಮೇಲೆ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಬೆಲ್ಟ್ ನೋಡೋಕೆ ಅಂತ ಎಬ್ಬಿಸುತ್ತಾರೆ. ಒಂದು ಸಲ ಕಂಪನಿಯ ಖರ್ಚಿನಲ್ಲಿ ಟೊರಾಂಟೊಗೆ ಹೋಗಿದ್ದವನು ಅಲ್ಲಿಂದ ಲಂಡನ್‌ವರೆಗೆ ಒಂದೇ ನಿದ್ದೆಯಲ್ಲಿ ಬಂದಿದ್ದನಂತೆ. "ಅಟ್ಲಾಂಟಿಕ್ ದಾಟಿದ್ದೇ ಗೊತ್ತಾಗ್ಲಿಲ್ಲ ಕಣ್ರೀ" ಎನ್ನುವುದನ್ನು ಕೇಳಿ ಕೇಳಿ ಜನರಿಗೆ ಬಾಯಿಪಾಠವಾಗಿತ್ತು.

ಇಷ್ಟೆಲ್ಲ ಕಲಿತ ಮಹಾಶಯನಿಗೆ ತನ್ನ ಮನೆಯ ಮಂಚದ ಮೇಲೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ.

ಹುಟ್ಟಿದ್ದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ, ಓದಿದ್ದು ಭೂವಿಜ್ಞಾನ. ಮೊದಲ ಕೆಲಸ ಸಂಡೂರಿನ ಗಣಿಯಲ್ಲಿ. ಆಗ ರಾತ್ರಿ ಬಸ್ಸಿನ ಕಡೇ ಸೀಟಿನಲ್ಲಿ, ಕುಲುಕಾಟದ ನಡುವೆ ಕಲಿತ ವಿದ್ಯೆ ಇದು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಬಸ್ಸು ಹೋಗಿ ವಿಮಾನವಾಯಿತು. ಕೆಲಸ ಪರ್ತಿನಿಂದ ಎಷ್ಟೋ ದೂರ ಉತ್ತರದ ಕಬ್ಬಿಣದ ಗಣಿಯಲ್ಲಿ, ಮನೆ ದೇಶದ ಇನ್ನೊಂದು ತುದಿಯ ಬ್ರಿಸ್ಬೇನಿನಲ್ಲಿ. ಎರಡು ವಾರ ಗಣಿ, ಒಂದು ವಾರ ಮನೆ. ಪರ್ತಿಗೇ ಮನೆ ಬದಲಿಸೋಣ ಎಂದು ಹೆಂಡತಿ ವೈದೇಹಿ ಮೊದಮೊದಲು ಕೇಳಿದ್ದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕ ಮೇಲೆ, ಮಗಳು ನಿವೇದಿತಾ ಶಾಲೆಗೆ ಹೊಂದಿಕೊಂಡ ಮೇಲೆ, ಕೇಳುವುದನ್ನು ಬಿಟ್ಟಳು. ಕೇಳುವುದನ್ನು ಬಿಟ್ಟಿದ್ದಾಳೆ ಎಂಬುದೂ ಅವನಿಗೆ ಗೊತ್ತಾಗಲಿಲ್ಲ. ಮಲಗಿದ್ದನೋ ಏನೋ.

ಹಾರಿ ಹಾರಿ ಅವನಿಗೆ ವಿಮಾನ ಕಂಪನಿಯ ಒಂದು ಗೋಲ್ಡ್ ಕಾರ್ಡ್ ಬಂದಿತ್ತು. ಅದನ್ನು ತೋರಿಸಿದರೆ ಲೌಂಜಿನ ಗಾಜಿನ ಬಾಗಿಲು ತೆರೆಯುತ್ತದೆ. ಒಳಗೆ ಮೆತ್ತನೆಯ ಕುರ್ಚಿ, ಬಿಸಿ ಸೂಪು, ಸ್ನಾನದ ಮನೆ, ಎಲ್ಲಕ್ಕಿಂತ ಹೆಚ್ಚಾಗಿ ಮೌನ. "ಅಲ್ಲಿ ಬೋರ್ಡಿಂಗ್ ಅನೌನ್ಸ್‌ಮೆಂಟೇ ಇರಲ್ಲ. ನಮ್ಮನ್ನ ಯಾರೂ ಕರೆಯಲ್ಲ. ಅದೇ ಅದರ ಸುಖ" ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಕಾರ್ಡಿಗೆ ಒಬ್ಬ ಅತಿಥಿಯನ್ನು ಕರೆದೊಯ್ಯುವ ಹಕ್ಕೂ ಇತ್ತು. ಒಮ್ಮೆ ಎಲ್ಲರೂ ಕೂಡಿ ಊರಿಗೆ ಹೊರಟಾಗ ಅವನ ತಾಯಿಯೂ ಜೊತೆಗಿದ್ದರು. ಒಬ್ಬರಿಗೇ ಅವಕಾಶ ಅಂತ ಅಮ್ಮನನ್ನು ಒಳಗೆ ಕರೆದುಕೊಂಡು ಹೋದ, ಅದು ಸರಿಯೇ. "ಐದು ನಿಮಿಷ, ಅಮ್ಮನ್ನ ಕೂರಿಸಿ ಬಂದ್ಬಿಟ್ಟೆ" ಎಂದವನು ಅಲ್ಲೇ ಒರಗಿ ಗೊರಕೆ ಹೊಡೆದ. ವೈದೇಹಿ ಹೊರಗೆ ಗೇಟಿನ ಬಳಿ ಕಬ್ಬಿಣದ ಕುರ್ಚಿಯಲ್ಲಿ, ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹತ್ತುವ ಹೊತ್ತಿಗೆ ಬಂದ, ಟಿಶ್ಯೂ ಕಾಗದದಲ್ಲಿ ಸುತ್ತಿದ ಎರಡು ಮಫಿನ್ ತಂದಿದ್ದ. ಅವಳು ಅದನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ. ಬೆಂಗಳೂರಿನವರೆಗೆ ಕೈಚೀಲದಲ್ಲೇ ಇಟ್ಟುಕೊಂಡಿದ್ದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಅವರು ಟೂವಾಂಗಿನ ಬಾಡಿಗೆ ಫ್ಲ್ಯಾಟ್ ಬಿಟ್ಟು ಬ್ರಿಸ್ಬೇನಿನದೇ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಸ್ವಂತ ಮನೆ ಕೊಂಡರು. ಮನೆ ಹುಡುಕಿದ್ದು, ಪೈಪು ಗೋಡೆ ಪರೀಕ್ಷೆ ಮಾಡಿಸಿದ್ದು, ಬಣ್ಣ ಆರಿಸಿದ್ದು ಎಲ್ಲ ವೈದೇಹಿಯೇ. ಅವನು ಗಣಿಯಿಂದ ಫೋನಿನಲ್ಲಿ ಹೂಂಗುಟ್ಟಿದ್ದ. ಗೃಹಪ್ರವೇಶಕ್ಕೆ ಆಷಾಢ ಹಿಡಿಯುವ ಮುಂಚೆ ಉಳಿದಿದ್ದು ಒಂದೇ ಮುಹೂರ್ತ, ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ. ಪುರೋಹಿತರು ವಾರದ ದಿನಗಳಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟರ್. ಆ ಭಾನುವಾರವೂ ಮಧ್ಯಾಹ್ನ ಟೂವಾಂಗಿನಲ್ಲಿ ಇನ್ನೊಂದು ಪೂಜೆ ಒಪ್ಪಿಕೊಂಡಿದ್ದರು.

ಅವನು ಗಣಿಗೆ ಹೊರಡುವ ದಿನ ವೈದೇಹಿ ಬಾಗಿಲವರೆಗೆ ಬಂದಳು.

"ಮನೆಗೆ ಏನೂ ತರೋದು ಬೇಡ. ಅವತ್ತೊಂದು ದಿನ ಮಣೆ ಮೇಲೆ ನನ್ನ ಪಕ್ಕ ಕೂತ್ಕೊಳ್ಳಿ, ಸಾಕು. ಅವತ್ತೂ ಬರ್ಲಿಲ್ಲ ಅಂದ್ರೆ ಇನ್ಮೇಲೆ ನಾನು ಯಾವುದಕ್ಕೂ ಕರೆಯಲ್ಲ."

"ಅಯ್ಯೋ, ಶನಿವಾರ ರಾತ್ರಿ ಪರ್ತ್ ಬಿಡ್ತೀನಿ. ಬೆಳಕು ಹರಿಯೋಷ್ಟರಲ್ಲಿ ಇಲ್ಲಿರ್ತೀನಿ ಕಣೆ" ಎಂದ.

ಹಾಗೆಯೇ ಮಾಡಿದ್ದರೆ ಈ ಕಥೆ ಹೇಳಬೇಕಾಗಿರಲಿಲ್ಲ. ಆದರೆ ಜೂನ್ ಮುಗಿದರೆ ಅವನ ಗೋಲ್ಡ್ ಕಾರ್ಡಿನ ವರ್ಷವೂ ಮುಗಿಯುತ್ತಿತ್ತು, ಅದನ್ನು ಉಳಿಸಿಕೊಳ್ಳಲು ಬೇಕಾದ ಹಾರಾಟದ ಪಾಯಿಂಟು ಸ್ವಲ್ಪ ಕಡಿಮೆ ಬಿದ್ದಿತ್ತು. ಪರ್ತಿನಿಂದ ನೇರ ಬಂದರೆ ಸಾಲದು. ಅಡಿಲೇಡಿನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿದರೆ ಎರಡು ಪ್ರಯಾಣದ ಲೆಕ್ಕವಾಗಿ ಕಾರ್ಡು ಉಳಿಯುತ್ತದೆ. ಮುಹೂರ್ತಕ್ಕೆ ಮುಂಚೆಯೇ ತಲುಪುತ್ತೇನಲ್ಲ, ಹೇಳಿ ಯಾಕೆ ಗಾಬರಿಪಡಿಸಬೇಕು ಎಂದು ಹೆಂಡತಿಗೆ ಹೇಳದೆ ಟಿಕೆಟ್ ಬದಲಿಸಿದ. ಅದೇ ಗಣಿಯ ಇಂಜಿನಿಯರ್, ಗೆಳೆಯ ಉಮಾಪತಿ, ಗೃಹಪ್ರವೇಶಕ್ಕೆ ಅಂತಲೇ ಅದೇ ರಾತ್ರಿ ನೇರ ವಿಮಾನ ಹತ್ತುವವನಿದ್ದ.

"ಲೋ, ಹುಚ್ಚಾ ನಿಂಗೆ? ಇವತ್ತಾದ್ರೂ ನೆಟ್ಟಗೆ ಮನೆಗೆ ನಡಿಯೋ" ಎಂದು ಪರ್ತಿನ ವಿಮಾನ ನಿಲ್ದಾಣದಲ್ಲಿ ಬೈದ.

"ನೀನು ಕಣ್ಣು ಕೆಂಪು ಮಾಡ್ಕೊಂಡು ಹೋಗ್ತೀಯ, ನಾನು ಫ್ರೆಶ್ ಆಗಿ ಬರ್ತೀನಿ, ನೋಡ್ತಿರು" ಎಂದು ಶ್ರೀಪತಿ ನಕ್ಕ.

ಕೊನೇ ಗಳಿಗೆಯಲ್ಲಿ ಬದಲಿಸಿದ ಟಿಕೆಟ್ಟಾದ್ದರಿಂದ ಕಿಟಕಿ ಸೀಟು ಸಿಗಲಿಲ್ಲ. ಇಬ್ಬರು ದಪ್ಪ ಆಸಾಮಿಗಳ ನಡುವೆ, ತಲೆ ಆನಿಸಲು ಗೋಡೆಯಿಲ್ಲದೆ, ನಿದ್ದೆಯ ಪಂಡಿತ ಅಡಿಲೇಡಿನವರೆಗೆ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತ. ಇಳಿದಾಗ ಕತ್ತು ಹಿಡಿದಿತ್ತು, ಮೈಯೆಲ್ಲ ನಜ್ಜುಗುಜ್ಜಾಗಿತ್ತು. ಲೌಂಜ್ ಆಗತಾನೇ ತೆರೆದಿತ್ತು. ಸೂಪು ಕುಡಿದ, ಹಲ್ಲುಜ್ಜಿದ, ಕಾಲುಚೀಲ ಬದಲಿಸಿದ. ಮೂಲೆಯಲ್ಲಿ ಗೋಡೆಗಾತು ಒಂದು ಅಗಲ ಕುರ್ಚಿ ಕಂಡಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚೋಣ ಎಂದುಕೊಂಡ. ಅಭ್ಯಾಸಬಲ ನೋಡಿ, ಕಣ್ಣಿಗೆ ಪಟ್ಟಿ ಬಂತು, ಕಿವಿಗೆ ಹತ್ತಿ ಬಂತು, ಫೋನು ಫ್ಲೈಟ್ ಮೋಡಿಗೆ ಹೋಯಿತು. ಅಲಾರಂ ಇಡುವುದು ಮಾತ್ರ ಅವನ ಪಾಠದಲ್ಲಿ ಇರಲಿಲ್ಲ, ಯಾಕೆಂದರೆ ವಿಮಾನದಲ್ಲಿ ಅದು ಬೇಕಾಗುವುದಿಲ್ಲ. ವಿಮಾನವೇ ಇಳಿಸಿ ಎಬ್ಬಿಸುತ್ತದೆ.

ಎದ್ದಾಗ ಕಿಟಕಿಯ ತುಂಬ ಬಿಸಿಲು. ಲೋಟ, ತಟ್ಟೆ ಎತ್ತುತ್ತಿದ್ದವನು "ಗುಡ್ ಸ್ಲೀಪ್, ಮೇಟ್?" ಎಂದು ನಕ್ಕ. ಬ್ರಿಸ್ಬೇನಿನ ವಿಮಾನ ಹೋಗಿ ಎಷ್ಟೋ ಹೊತ್ತಾಗಿತ್ತು. ಮುಂದಿನದಕ್ಕೆ ಇನ್ನೂ ಕಾಯಬೇಕಿತ್ತು. ಫೋನು ತೆರೆದರೆ ಸಾಲಾಗಿ ವೈದೇಹಿಯ ಕರೆಗಳು. ಅವಳಿಗೆ ಫೋನ್ ಮಾಡಿದ.

"ಎಲ್ಲಿದ್ದೀರಿ?"

"ಅಡಿಲೇಡ್... ಫಾಗ್ ಇತ್ತು ಕಣೆ, ಫ್ಲೈಟ್ ಈ ಕಡೆ ತಿರುಗಿಸ್ಬಿಟ್ರು."

ಆ ಕಡೆ ಪೂಜೆಯ ಮಂತ್ರ ಕೇಳಿಸುತ್ತಿತ್ತು.

"ಉಮಾಪತಿ ಅವರು ಇಲ್ಲೇ ಇದ್ದಾರೆ. ನಾನು ಕೇಳೋವರೆಗೂ ಅವರೇನೂ ಹೇಳಿರ್ಲಿಲ್ಲ, ಪಾಪ" ಎಂದಳು ವೈದೇಹಿ. "ಇರ್ಲಿ ಬಿಡಿ. ಪುರೋಹಿತರು ಕರೀತಿದ್ದಾರೆ." ಫೋನಿಟ್ಟಳು.

ಎಂಥ ದರಿದ್ರ ಸುಳ್ಳು ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆ ಮೆತ್ತನೆಯ ಕುರ್ಚಿಗೆ ಮತ್ತೆ ಹೋಗಿ ಕೂರಲು ಮನಸ್ಸಾಗದೆ ಹೊರಗೆ ಬಂದು, ಗೇಟಿನ ಬಳಿ ಕಬ್ಬಿಣದ ಕುರ್ಚಿಯಲ್ಲಿ ಕೂತ. ಅದು ಎಷ್ಟು ತಣ್ಣಗಿರುತ್ತದೆ ಎಂದು ಅವನಿಗೆ ಅಂದೇ ಗೊತ್ತಾಗಿದ್ದು.

ಅವನು ಎಯ್ಟ್ ಮೈಲ್ ಪ್ಲೇನ್ಸ್ ತಲುಪಿದಾಗ ಊಟವೂ ಮುಗಿದಿತ್ತು. ಬಾಗಿಲಲ್ಲಿ ಮಾವಿನ ತೋರಣ, ಒಲೆಯ ಸುತ್ತ ಉಕ್ಕಿದ ಹಾಲಿನ ಕಲೆ. ಉಳಿದಿದ್ದ ನಾಲ್ಕಾರು ಜನ ಅವನನ್ನು ಕಂಡು ಹೋ ಎಂದರು. "ಏನ್ ಸಾರ್, ಈ ಸಲ ಯಾವ ಸಮುದ್ರ ದಾಟಿದ್ದು ಗೊತ್ತಾಗ್ಲಿಲ್ಲ?" ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು. ಉಮಾಪತಿ ಮಾತ್ರ ತಲೆಯೆತ್ತಲಿಲ್ಲ.

ನಡುಮನೆಯಲ್ಲಿ, ರಂಗೋಲಿಯ ಮುಂದೆ, ಎರಡು ಮಣೆಗಳು ಇನ್ನೂ ಹಾಗೇ ಇದ್ದವು. ಒಂದು ಖಾಲಿ. ಇನ್ನೊಂದರ ಮೇಲೆ ಅವನ ಮದುವೆಯ ರೇಷ್ಮೆ ಶಲ್ಯ ಮಡಿಸಿ ಇಟ್ಟಿತ್ತು, ಶಲ್ಯದ ಮೇಲೆ ಒಂದು ಅಡಿಕೆ, ಅಡಿಕೆಗೆ ಕುಂಕುಮ.

"ಯಜಮಾನರು ಇಲ್ದಿದ್ರೆ ಹೀಗೆ ಇಟ್ಟು ಸಂಕಲ್ಪ ಮಾಡ್ಬಹುದಂತೆ" ಎಂದಳು ವೈದೇಹಿ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಅವನಿಗೆ ಹೆದರಿಕೆಯಾಗಿದ್ದು. "ಮೊದ್ಲು ಅಳು ಬಂತು. ಆಮೇಲೆ ಅಭ್ಯಾಸ ಆಯ್ತು. ಏನೂ ತೊಂದ್ರೆ ಆಗ್ಲಿಲ್ಲ. ಎಲ್ಲಾ ಚೆನ್ನಾಗೇ ಆಯ್ತು."

"ಸಾರಿ ಪುಟ್ಟ" ಎಂದು ಅವನು ಮಗಳ ಕಡೆ ತಿರುಗಿದ.

"ಇಟ್ಸ್ ಫೈನ್, ಅಪ್ಪಾ. ಐ ಹೆಲ್ಡ್ ದ ಕಲಶ" ಎಂದಳು ನಿವೇದಿತಾ.

ನೆಂಟರೆಲ್ಲ ಹೋದ ಮೇಲೆ ವೈದೇಹಿ ಅವನಿಗೆ ಮನೆ ತೋರಿಸಿದಳು, ಮನೆ ನೋಡಲು ಬಂದ ಅತಿಥಿಗೆ ತೋರಿಸುವ ಹಾಗೆ. ಅಡುಗೆಮನೆ, ನಿವೇದಿತಾಳ ಕೋಣೆ, ತನ್ನ ಕೋಣೆ. ಕೊನೆಗೆ ಗ್ಯಾರೇಜಿನ ಆಚೆ ಹಿತ್ತಲಿಗಿದ್ದ ಚಿಕ್ಕ ಕೋಣೆ. ಕಿಟಕಿಗೆ ದಪ್ಪ ಪರದೆ, ಗೋಡೆಗಾನಿಸಿ ಒಂದು ಹಾಸಿಗೆ, ಅದರ ಮೇಲೆ ಆಗಲೇ ಮಣೆಯಿಂದ ತಂದಿಟ್ಟಿದ್ದ ಅವನ ಶಲ್ಯ.

"ಬೆಳಿಗ್ಗೆ ಪೂಜೆ ಮುಗಿದ ಮೇಲೆ ಉಮಾಪತಿ ಅವರ ಕೈಲಿ ಹಾಸಿಗೆ ಇಲ್ಲಿಗೆ ಹಾಕಿಸ್ದೆ" ಎಂದಳು. "ನಿಮಗೆ ಮನೇಲಿ ನಿದ್ದೆ ಬರಲ್ಲ ಅಂತಿದ್ರಲ್ಲ. ಇಲ್ಲಿ ಒಂದು ಸದ್ದೂ ಬರಲ್ಲ. ಯಾರೂ ನಿಮ್ಮನ್ನ ಕರೆಯಲ್ಲ."

"ವೈದೇಹಿ, ಒಂದ್ ನಿಮಿಷ ಕೇಳು..."

"ಮಲಕ್ಕೊಳ್ಳಿ. ಸುಸ್ತಾಗಿರ್ತೀರ." ಬಾಗಿಲು ಮೆಲ್ಲನೆ ಎಳೆದುಕೊಂಡು ಹೋದಳು.

ಕೂತಲ್ಲೇ ಕೂತಿದ್ದ. ಸಂಜೆಯ ಹೊತ್ತಿಗೆ ಫೋನು ಮಿನುಗಿತು. ಅಭಿನಂದನೆಗಳು, ನಿಮ್ಮ ಗೋಲ್ಡ್ ಸದಸ್ಯತ್ವ ಇನ್ನೊಂದು ವರ್ಷ ಮುಂದುವರಿದಿದೆ, ನಮ್ಮ ಲೌಂಜುಗಳಿಗೆ ನಿಮಗೂ ನಿಮ್ಮ ಒಬ್ಬ ಅತಿಥಿಗೂ ಸ್ವಾಗತ. ಫೋನನ್ನು ಮಗುಚಿ ಇಟ್ಟ. ಮಲಗಿ ಗೋಡೆಗೆ ತಲೆ ಆನಿಸಿದ. ದೂರದ ಅಡುಗೆಮನೆಯಲ್ಲಿ ತಟ್ಟೆ ಹಾಕುವ ಸದ್ದು, ತಾಯಿ ಮಗಳು ಏನೋ ಹೇಳಿಕೊಂಡು ನಗುವ ಸದ್ದು ಸಣ್ಣಗೆ ಕೇಳಿಸಿತು. ಊಟಕ್ಕೆ ಕರೆಯಬಹುದೆಂದು ಕಿವಿ ಕೊಟ್ಟು ಕಾದ. ತಟ್ಟೆಗಳನ್ನು ತೊಳೆದಿಡುವ ಸದ್ದೂ ಕೇಳಿಸಿ ನಿಂತಿತು. ಯಾರೂ ಕರೆಯಲಿಲ್ಲ.