ಇನ್ನು ಮಷೀನು ಸಾಕು ಎಂದ ಪುಟ್ಟಮಾದಮ್ಮ

ರಾವಂದೂರಿನಲ್ಲಿ ಕಡ್ಲೆಪುರಿ ಹುರಿದು ಮಾರುತ್ತಿದ್ದ ಪುಟ್ಟಮಾದಮ್ಮ ಯಾರ ಮರ್ಜಿಗೂ ಕಾದವಳಲ್ಲ. ಗಂಡ ತೀರಿಕೊಂಡ ಮೇಲೆ ಭಟ್ಟಿಯ ಮುಂದೆ ಕೂತೇ ಮಗಳು ದಾಕ್ಷಾಯಣಿಯನ್ನೂ ಕಿರಿಯವನಾದ ಕಾಂತರಾಜನನ್ನೂ ಬೆಳೆಸಿದಳು. ಬಿಸಿ ಮರಳಿನ ಝಳಕ್ಕೆ ಹುಬ್ಬು ಉದುರಿದ್ದರೂ ದನಿ ಮಾತ್ರ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು.

ಎರಡು ಸಾವಿರದ ಮೂರರಲ್ಲಿ ಅವಳ ಕಿಡ್ನಿಗಳು ಕೈಕೊಟ್ಟವು. ಕಾಂತರಾಜ ತಾನು ಓಡಿಸುತ್ತಿದ್ದ ಲಗೇಜ್ ಆಟೋ ಮನೆ ಮುಂದೆ ನಿಲ್ಲಿಸಿ, ಅವ್ವನನ್ನು ವಾರಕ್ಕೆರಡು ಸಲ ಬಸ್ಸಿನಲ್ಲಿ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದೊಯ್ಯತೊಡಗಿದ. ಹೋಗಿ ಬರುವಷ್ಟರಲ್ಲಿ ಅವಳು ಸೋತು ಸುಣ್ಣವಾಗುತ್ತಿದ್ದಳು. ಮಾರನೇ ದಿನವೆಲ್ಲ ವಾಂತಿ, ಮಂಪರು. ಇದರಿಂದ ಗುಣವಾಗುವುದಿಲ್ಲ, ದಿನ ಮುಂದೆ ಹೋಗುತ್ತವೆ ಅಷ್ಟೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ದೀಪಾವಳಿಗೆ ಬೆಟ್ಟದಪುರದ ಗಂಡನ ಮನೆಯಿಂದ ದಾಕ್ಷಾಯಣಿ ಬಂದಳು. ಊಟ ಮುಗಿದು ಎಲೆ ಅಡಿಕೆ ಹಾಕುತ್ತಿರುವಾಗ ಪುಟ್ಟಮಾದಮ್ಮ ಮಾತು ತೆಗೆದಳು.

"ಇನ್ನು ಆ ಮಷೀನಿಗೆ ಓಗಾಕಿಲ್ಲ ಕಣ್ರಪ್ಪ. ಉಸುರು ಕಟ್ಟುದ್ರೂ ಮೈಸೂರಿಗೆ ಒಯ್ಯಬ್ಯಾಡಿ. ನೋವಾದ್ರೆ ಸೂಜಿ ಆಕ್ಸಿ, ಅದ್ಕೆ ಬ್ಯಾಡ ಅನ್ನಾಕಿಲ್ಲ."

"ಆಯ್ತು ಬುಡವ್ವ," ಎಂದ ಕಾಂತರಾಜ.

ಪುಟ್ಟಮಾದಮ್ಮ ದುರುಗುಟ್ಟಿದಳು. "ಅಷ್ಟು ಬಿರ್ರನೆ ಒಪ್ಕಂಡ್‌ಬುಟ್ಯಲ್ಲಪ್ಪ!"

ಅವನಿಗೆ ಆ ಮಾತು ಅಲ್ಲಿಗೇ ನಿಂತರೆ ಸಾಕಾಗಿತ್ತು. ಆದರೆ ದಾಕ್ಷಾಯಣಿ ಬಿಡಲಿಲ್ಲ.

"ನಿಲ್ಲಿಸುದ್ರೆ ಎಷ್ಟು ದಿನ ಇರ್ತೀಯ, ಕೇಳಿದ್ಯಾ? ಕೊನೇಲಿ ಉಸುರಾಡಕ್ಕೆ ಕಷ್ಟ ಆದ್ರೆ? ಎದರಿಕೆ ಆದ್ರೆ?"

"ಆಯ್ತದೆ. ಮನುಷಳಲ್ವ? ಆಗ ನೀವೇ ಎದರ್ಕಬ್ಯಾಡಿ, ಅಷ್ಟೇಯ."

ಅಳುತ್ತಲೇ ಅಕ್ಕ ಒಂದೊಂದಾಗಿ ಕೇಳುತ್ತಾ ಹೋದಳು, ಅವ್ವ ಹೇಳುತ್ತಾ ಹೋದಳು. ಕಾಂತರಾಜ ಕೂರಲಾಗದೆ ಆಟೋ ಒರೆಸುವ ನೆಪದಲ್ಲಿ ಎದ್ದುಹೋದ.

ಮೈಸೂರಿಗೆ ಹೋಗುವುದು ನಿಂತಿತು. ದಾಕ್ಷಾಯಣಿ ಊರಿಗೆ ಮರಳಲಿಲ್ಲ. ಪುಟ್ಟಮಾದಮ್ಮ ಮೆತ್ತಗಾಗುತ್ತಾ ಬಂದಳು. ಎಚ್ಚರವಿದ್ದಾಗ ಪುರಿ ಸರಿಯಾಗಿ ಹುರಿದಿಲ್ಲವೆಂದು, ಈಗ ಭಟ್ಟಿ ನೋಡಿಕೊಳ್ಳುತ್ತಿದ್ದ ಕಾಂತರಾಜನ ಹೆಂಡತಿಯನ್ನು ಬೈದಳು. ಕಾರ್ತಿಕ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಏದುಸಿರು ಶುರುವಾಯಿತು. ಕಾಂತರಾಜ ಹಿಂದುಮುಂದು ನೋಡದೆ ಆಟೋಗೆ ಹಾಸಿಗೆ ಹಾಸಿ ಸ್ಟಾರ್ಟ್ ಮಾಡಿದ.

"ನೋಡ್ಕಂಡು ಸುಮ್ನೆ ಕೂರಕ್ಕಾಗಲ್ಲ ಕಣಕ್ಕ!"

ದಾಕ್ಷಾಯಣಿ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದಳು. "ಸುಮ್ನೆ ಕೂರು ಅಂತ ಯಾರಂದ್ರು? ನಮ್ಮೂರ ಸಿದ್ದಯ್ಯ ಡಾಕ್ಟ್ರನ್ನ ಕರ್ಕಂಡ್ ಬಾ. ಸೂಜಿ ಆಕಕ್ಕೆ ಬತ್ತೀನಿ ಅಂದವ್ರೆ. ನಾನು ಆಗ್ಲೇ ಮಾತಾಡಿವ್ನಿ."

ಡಾಕ್ಟರು ಬಂದು ಸೂಜಿ ಹಾಕಿ, ತಲೆಯ ಕೆಳಗೆ ದಿಂಬು ಎತ್ತರಿಸಿದರು. ಉಸಿರು ತಹಬಂದಿಗೆ ಬಂತು. ಕಾಂತರಾಜ ಕಾಲೊತ್ತುತ್ತಾ ಕೂತ. ಸಂಜೆ ಅವಳು ಕಾಫಿ ಕೇಳಿದಳು. ಎರಡು ಚಮಚ ಕುಡಿದು ಸಾಕೆಂದಳು. ಮರುದಿನ ಮಧ್ಯಾಹ್ನ ಮಕ್ಕಳಿಬ್ಬರ ಎದುರಿಗೇ ಉಸಿರು ನಿಂತಿತು.

ಆಸ್ಪತ್ರೆಗೆ ಒಯ್ದಿದ್ದರೆ ಇನ್ನಷ್ಟು ದಿನ ಇರುತ್ತಿದ್ದಳೇನೋ ಎಂದು ನೆಂಟರಲ್ಲಿ ಕೆಲವರು ಆಡಿಕೊಂಡರು.

"ಇರ್ತಿತ್ತೇನೋ," ಎಂದ ಕಾಂತರಾಜ. "ಅದು ಬ್ಯಾಡ ಅಂತ ಅವ್ವನೇ ಏಳಿತ್ತು."

ಆದರೂ ಅನುಮಾನ ಅವನನ್ನು ಬಹಳ ಕಾಲ ಬಿಡಲಿಲ್ಲ. ಅದು ಕಾಡಿದಾಗಲೆಲ್ಲ ಬೆಟ್ಟದಪುರಕ್ಕೆ ಹೋಗಿ, ಅಕ್ಕನ ಜೊತೆ ಅವ್ವನ ವಿಷಯ ಮಾತಾಡಿಕೊಂಡು ಬರುತ್ತಿದ್ದ.