ಪಿಂಕಿಗೆ ಹೇಳಿದ ಮಾತು

ಕಳೆದ ವಾರ ಬಾಶೆಟ್ಟಿಹಳ್ಳಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬರುತ್ತಿದ್ದಾಗ ಬಸ್ಸಿನಲ್ಲಿ ನನ್ನ ಪಕ್ಕ ವಯಸ್ಸಾದ ಹೆಂಗಸೊಬ್ಬರು ಬಂದು ಕೂತರು. ಮಂಡಿಗೆ ಬೇವಿನೆಣ್ಣೆ ಹಚ್ಚಿಕೊಂಡಿದ್ದರು. ಕಿಟಕಿ ತೆರೆದಿದ್ದರೂ ಆ ಕಹಿ ವಾಸನೆ ಹೋಗಲಿಲ್ಲ. ಮುಂದಿನ ಸೀಟಿನವರು ಮೂಗಿಗೆ ಕರ್ಚೀಫು ಹಿಡಿದರು. ನನಗೆ ಒಂದು ಬಿಳಿ ನಾಯಿ ನೆನಪಾಯಿತು. ಅದರ ಹಿಂದೆಯೇ ನಮ್ಮ ಓನರಮ್ಮ...

ದೊಡ್ಡಬಳ್ಳಾಪುರದಲ್ಲಿ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಓನರಮ್ಮ, ಅವರ ಒಬ್ಬನೇ ಮಗ ಮತ್ತು ಪಿಂಕಿ ಎಂಬ ಪಾಮೇರಿಯನ್ ನಾಯಿ. ನಮ್ಮ ಮೆಟ್ಟಿಲು ಅವರ ಅಡುಗೆಮನೆಯ ಕಿಟಕಿಯನ್ನು ಒತ್ತಿಕೊಂಡೇ ಮೇಲೆ ಹೋಗುತ್ತಿತ್ತು. ಹಿಂದಿನ ಬೀದಿಯಲ್ಲಿ ದಿನವಿಡೀ ಮಗ್ಗಗಳು ಬಡಿದುಕೊಳ್ಳುತ್ತಿದ್ದುದರಿಂದ ಅಲ್ಲಿ ಎಲ್ಲರೂ ಜೋರಾಗಿ ಮಾತನಾಡುತ್ತಿದ್ದರು. ನಾಯಿಯ ಜೊತೆ ಮಾತನಾಡುವಾಗಲೂ ಹಾಗೆಯೇ.

ಭಾನುವಾರ ಬೆಳಿಗ್ಗೆ ಓನರಮ್ಮ ಪಿಂಕಿಯನ್ನು ಮೆಟ್ಟಿಲ ಬುಡದಲ್ಲಿ ಕೂರಿಸಿಕೊಂಡು ಉಣ್ಣಿ ಕೀಳುತ್ತಿದ್ದರು. ಆಮೇಲೆ ಮೈಗೆಲ್ಲ ಬೇವಿನೆಣ್ಣೆ ಸವರುತ್ತಿದ್ದರು. "ಅಲ್ಲಾಡ್ಬೇಡ ಕಣೆ ನನ್ ಬಂಗಾರ. ನಿನ್ ಬಿಟ್ರೆ ಈ ಮನೇಲಿ ನಂಗ್ಯಾರಿದಾರೆ ಹೇಳು" ಎನ್ನುತ್ತಿದ್ದರು. ಮಗ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿರುತ್ತಿದ್ದ. ನಾನು ಇಳಿದುಬಂದರೆ ಹೆಸರು ಹಿಡಿದು ಕರೆದು, ಪಿಂಕಿಗೆಂದು ತಂದ ಬನ್ನಿನಲ್ಲಿ ಅರ್ಧ ಮುರಿದು ನನಗೂ ಕೊಡುತ್ತಿದ್ದರು. ನನ್ನ ಮಟ್ಟಿಗೆ ಅವರು ಒಳ್ಳೆಯವರೇ.

ಮಗನಿಗೆ ತೂಬಗೆರೆ ಕಡೆಯಿಂದ ಹೆಣ್ಣು ತಂದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಸೊಸೆಯ ತವರಿನಲ್ಲಿ ನಾಯಿ ಕೊಟ್ಟಿಗೆ ಕಾಯುವುದಕ್ಕೆ ಇದ್ದದ್ದು, ಹೊಸ್ತಿಲು ದಾಟುವಂತಿರಲಿಲ್ಲ. ಬಂದ ಮರುದಿನ ಬೆಳಿಗ್ಗೆ ಅಕ್ಕ ದೇವರ ದೀಪ ಹಚ್ಚುವಾಗ ಪಿಂಕಿ ಒಳಗೆ ನುಗ್ಗಿತು. ಅಕ್ಕ ಮೂಲೆಯಲ್ಲಿದ್ದ ಪೊರಕೆ ಎತ್ತಿ "ಹಚಾ" ಎಂದರು. ಅವರ ಊರಿನಲ್ಲಿ ಅದು ಬೈಗುಳವಲ್ಲ, ನಾಯಿಗೆ ದಾರಿ ಬಿಡು ಎನ್ನುವ ರೀತಿ ಅಷ್ಟೆ. ಓನರಮ್ಮ ಓಡಿಬಂದು ನಾಯಿಯನ್ನು ಎತ್ತಿಕೊಂಡರು.

"ನೋಡ್ದೇನೆ ಪಿಂಕಮ್ಮ? ನೆನ್ನೆ ಬಂದೋಳು ನಿನ್ ಮನೆಯಿಂದ ನಿನ್ನೇ ಓಡಿಸ್ತಾಳೆ. ಹೆದರ್ಕೋಬೇಡ ಕಂದ. ಯಾರು ಮೊದ್ಲು ಆಚೆಗ್ ಹೋಗ್ತಾರೋ ನೋಡೇಬಿಡಾಣ."

ಅಂದಿನಿಂದ ಅವರು ಸೊಸೆಯ ಜೊತೆ ಮಾತನಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಪಿಂಕಿಗೆ ಹೇಳಿದರು. "ಪಿಂಕಮ್ಮ, ಸಾರು ಮುಟ್ಬೇಡ ಕಣೆ. ಹಸುಗೆ ಕಲಗಚ್ಚು ಕಲಸಿದ ಕೈ, ಇನ್ನೇನ್ ಬರುತ್ತೆ." "ಪಿಂಕಮ್ಮ, ಕನ್ನಡಿ ಮುಂದೆ ಎಷ್ಟೊತ್ತು ನಿಂತ್ರೂ ಮುಖ ಅದೇ ಅಲ್ವೇನೆ." ಮಾತು ಎಷ್ಟು ಹರಿತವಾಗಿದ್ದರೂ ದನಿಯಲ್ಲಿ ಅದೇ ಮುದ್ದು. ನಾಯಿಗೆ ದನಿಯಷ್ಟೇ ಗೊತ್ತಾಗುತ್ತಿತ್ತು. ಸೊಸೆಗೆ ಬಿದ್ದ ಪ್ರತಿಯೊಂದು ಮಾತಿಗೂ ಅದು ಬಾಲ ಅಲ್ಲಾಡಿಸುತ್ತಿತ್ತು.

ಅಕ್ಕ ಒಮ್ಮೆ ಗಂಡನಿಗೆ ಹೇಳಿಕೊಂಡದ್ದು ನನಗೆ ಮೆಟ್ಟಿಲಲ್ಲಿ ಕೇಳಿಸಿತು. ಆತ ಷೂ ಹಾಕಿಕೊಳ್ಳುತ್ತಾ, "ಅಮ್ಮ ನಾಯಿ ಜೊತೆ ಮಾತಾಡಿದ್ರೆ ನಿಂಗೇನ್ ಕಷ್ಟ? ನಿಂಗೆ ಹೇಳಿದ್ರಾ?" ಎಂದ. ಹೌದು, ಹೇಳಿರಲಿಲ್ಲ.

ಬರೆದಿಡುವುದು ನನಗೆ ಹೈಸ್ಕೂಲಿನಿಂದ ಬಂದ ಚಟ. ನಲ್ಲಿ ನೀರು ಬಂದ ದಿನ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ಅಪ್ಪ ಊಟಕ್ಕೆ ತಡವಾಗಿ ಬಂದ ದಿನ, ಎಲ್ಲವನ್ನೂ ಬರೆಯುತ್ತಿದ್ದೆ. ಡೈರಿಯ ಕೊನೆಯ ಹಾಳೆಯಲ್ಲಿ ಓನರಮ್ಮನಿಗೂ ಎರಡು ಕಾಲಂ ಹಾಕಿದೆ: ನಾಯಿಗೆ ಆಡಿದ್ದು, ಸೊಸೆಗೆ ಆಡಿದ್ದು. ಮೊದಲನೆಯದರಲ್ಲಿ ಗೀಟುಗಳು ತುಂಬಿ ಬೇರೆ ಹಾಳೆ ಅಂಟಿಸಬೇಕಾಯಿತು. ಎರಡನೆಯದು ಖಾಲಿಯೇ ಉಳಿಯಿತು.

ಅಕ್ಕ ಸೋಲೊಪ್ಪಲಿಲ್ಲ. ನಾಯಿಯನ್ನು ಒಲಿಸಿಕೊಂಡರೆ ಅತ್ತೆ ಒಲಿಯಬಹುದೆಂದು ಲೆಕ್ಕ ಹಾಕಿರಬೇಕು. ಪಿಂಕಿಗೆ ಅನ್ನ ಕಲಸುವುದು, ಉಣ್ಣಿ ಕೀಳುವುದು, ಎಣ್ಣೆ ಸವರುವುದು ಎಲ್ಲವನ್ನೂ ಒಂದೊಂದಾಗಿ ತಮ್ಮ ಕೈಗೆ ತೆಗೆದುಕೊಂಡರು. ನಾಯಿ ಒಲಿಯಿತು. ಅತ್ತೆ ಮಾತ್ರ, "ಪಿಂಕಮ್ಮ, ಕೈಯೆಲ್ಲ ನಾತ ಮಾಡ್ಕೊಂಡು ಅನ್ನ ಬಡಿಸೋಕ್ ಬರ್ತಾರಲ್ಲೇ" ಎಂದರು.

ಒಂದು ಚಳಿಗಾಲದಲ್ಲಿ ಅಕ್ಕನ ತಂದೆ ಹೆಗಲ ಮೇಲೆ ಅವರೆಕಾಯಿ ಚೀಲ ಹೊತ್ತುಕೊಂಡು ಬಂದರು. ಓನರಮ್ಮ ಬಾಗಿಲಲ್ಲೇ ನಿಂತು, "ಪಿಂಕಮ್ಮ, ಮಣ್ಣುಗಾಲಲ್ಲಿ ಒಳಗ್ ಬಂದ್ರೆ ನಿಂಗ್ ಕಾಯಿಲೆ ಆಗುತ್ತೆ. ಆಚೇನೇ ಕೂರೋಕ್ ಹೇಳು" ಎಂದರು. ಆ ಮನೆಯ ರೀತಿ ಆತನಿಗೆ ಗೊತ್ತಿರಲಿಲ್ಲ. ಬೀಗಿತ್ತಿ ತಮಾಷೆ ಮಾಡುತ್ತಿದ್ದಾರೆಂದು ತಿಳಿದು ನಕ್ಕರು. "ಆಯ್ತು ಕಣಮ್ಮ ಪಿಂಕಿ, ಇಲ್ಲೇ ಕೂರ್ತೀನಿ" ಎಂದು ಜಗುಲಿಯಲ್ಲಿ ಹಾಸಿದ್ದ ಗೋಣಿತಾಟಿನ ಮೇಲೆ ಕೂತರು. ಅದು ಪಿಂಕಿ ಮಲಗುವ ತಾಟು.

ಅಕ್ಕ ಕಾಫಿ ತಂದುಕೊಟ್ಟರು. ಆತ ಲೋಟವನ್ನು ತುಟಿಯ ಹತ್ತಿರ ಒಯ್ದಾಗ ಒಳಗಿನಿಂದ ಮಾತು ಬಂತು: "ಅಯ್ಯೋ ಪಿಂಕಮ್ಮ, ನಿನ್ ಪಾಲಿನ್ ಹಾಲೆಲ್ಲ ಕಾಫಿಗ್ ಹೋಯ್ತಲ್ಲೇ. ಈಗ್ ನೀನೇನ್ ಕುಡೀತೀಯಾ ಪಾಪ."

ಈ ಸಲ ಆತನಿಗೆ ಅರ್ಥವಾಯಿತು. ತಾವು ಕೂತಿರುವ ತಾಟನ್ನೂ ನೋಡಿಕೊಂಡರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ಬಸ್ಸಿಗೆ ಹೊತ್ತಾಯ್ತು ಮಗಾ, ಬರ್ತೀನಿ" ಎಂದು ಎದ್ದರು. ಗೇಟಿನ ಹತ್ತಿರ ಪಂಚೆಗೆ ಅಂಟಿದ್ದ ಬಿಳಿ ಕೂದಲು ಕೊಡವಿಕೊಂಡರು.

ಅಕ್ಕ ಆ ಕಾಫಿಯನ್ನು ನಾಯಿಯ ತಟ್ಟೆಗೆ ಸುರಿದರು. "ಕುಡಿ ಪಿಂಕಿ. ನಿನ್ ಹಾಲು ನಿಂಗೇ ವಾಪಸ್ ಬಂತು" ಎಂದರು. ಅತ್ತೆಗೆ ಕೇಳುವಷ್ಟು ಜೋರಾಗಿ, ಅತ್ತೆಯದೇ ಮುದ್ದಿನ ದನಿಯಲ್ಲಿ. ಪಿಂಕಿ ಮೂಸಿ ನೋಡಿ ಬಿಟ್ಟುಬಿಟ್ಟಿತು.

ಅಲ್ಲಿಂದ ಮುಂದೆ ಆ ಮನೆ ನಡೆದದ್ದೆಲ್ಲ ನಾಯಿಯ ಮೂಲಕವೇ. ಗ್ಯಾಸ್ ಮುಗಿದದ್ದು, ನೆಂಟರು ಬರುವುದು, ಕರೆಂಟ್ ಬಿಲ್ಲು ಕಟ್ಟಬೇಕಾದದ್ದು ಎಲ್ಲ ಮೊದಲು ಪಿಂಕಿಗೆ ತಿಳಿಯುತ್ತಿತ್ತು. "ಪಿಂಕಿ, ಮಾತ್ರೆ ನುಂಗ್ದೆ ಕೂತಿರೋರ್ಗೆ ಆಮೇಲೆ ತಲೆ ತಿರುಗಿದ್ರೆ ನನ್ ಕೇಳ್ಬೇಡ." "ಪಿಂಕಮ್ಮ, ನನ್ ಮಾತ್ರೆ ನಂಗ್ಗೊತ್ತು ಅಂತ ಹೇಳೆ." ನಮ್ಮಮ್ಮ ಮೇಲೆ ಬಟ್ಟೆ ಹಿಂಡುತ್ತಾ ನಗುತ್ತಿದ್ದರು. ನಾನೂ ನಕ್ಕಿದ್ದೇನೆ...

ಮುಂದಿನ ಮಳೆಗಾಲದಲ್ಲಿ ಓನರಮ್ಮ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ನಿಗೆ ಹಾರ್ಟು ತಡೆಯುವುದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದರು. ನಡುಮನೆಯಲ್ಲಿ ಮಂಚ ಹಾಕಿದರು. ಮಗ ಪಾಳಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಅತ್ತೆ, ಸೊಸೆ, ನಾಯಿ.

ಮಂಚದ ಸುತ್ತ ಫಿನಾಯಿಲು, ಮೂತ್ರದ ವಾಸನೆ. ಪಿಂಕಿ ಆ ಕಡೆ ಸುಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಅಕ್ಕನ ಕಾಲ ಹತ್ತಿರವೇ ಮಲಗಿರುತ್ತಿತ್ತು. ಓನರಮ್ಮನಿಗೆ ಏನು ಬೇಕಾದರೂ ಮೊದಲು ನಾಯಿ ಬರಬೇಕಿತ್ತು. "ಪಿಂಕಮ್ಮ... ಪಿಂಕಮ್ಮ..." ಎಂದು ಕರೆಯುತ್ತಿದ್ದರು. ನಾಯಿ ಕಿವಿ ನಿಮಿರಿಸಿ ಅಕ್ಕನ ಮುಖ ನೋಡುತ್ತಿತ್ತು.

"ಪಿಂಕಿ, ನಿನ್ನ ಕರೀತಿದಾರೆ ನೋಡು" ಎನ್ನುತ್ತಿದ್ದರು ಅಕ್ಕ, ತರಕಾರಿ ಹೆಚ್ಚುತ್ತಾ. "ನನ್ನಲ್ಲ."

ಕೆಲಸದಲ್ಲಿ ಅಕ್ಕ ಏನೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಕುಡಿಸುತ್ತಿದ್ದರು, ಮೈ ಒರೆಸುತ್ತಿದ್ದರು, ಮಗ್ಗುಲು ಬದಲಾಯಿಸುತ್ತಿದ್ದರು. ಬೆನ್ನಿಗೆ ಹುಣ್ಣಾಗದಿರಲೆಂದು ಬೇವಿನೆಣ್ಣೆ ಸವರುತ್ತಿದ್ದರು, ನಾಯಿಗೆ ಹಚ್ಚುವ ಅದೇ ಬಾಟಲಿಯಿಂದ. ಎಲ್ಲ ತಾವೇ ಗೊತ್ತುಮಾಡಿಕೊಂಡ ಹೊತ್ತಿನಲ್ಲಿ, ಒಂದೂ ಮಾತಿಲ್ಲದೆ. ಕೇಳಿದ್ದಕ್ಕೆಂದು ಬಂದದ್ದು ಒಮ್ಮೆಯೂ ಇಲ್ಲ.

ನಮ್ಮಮ್ಮ ತಡೆಯಲಾರದೆ ಕೆಳಗಿಳಿದು ಹೋದರು. ಜೊತೆಯಲ್ಲಿ ನಾನೂ ಇದ್ದೆ. "ಒಂದ್ಸಲ ಹೆಸರಿಡ್ದು ಕರೀರಿ ಅಮ್ಮಾವ್ರೇ. ಓಡ್ಬರ್ತಾಳೆ" ಎಂದರು. ಓನರಮ್ಮ ಫ್ಯಾನನ್ನೇ ನೋಡುತ್ತಾ, ಮೆತ್ತಗೆ, "ಏನವ್ವ ಅವಳ ಹೆಸ್ರು?" ಎಂದು ಕೇಳಿದರು.

ಲಗ್ನಪತ್ರಿಕೆಯಲ್ಲಿ ಓದಿದ ಹೆಸರು. ಬಾಯಲ್ಲಿ ಒಮ್ಮೆಯೂ ಆಡದೆ ಮರೆತುಹೋಗಿತ್ತು. ಅಮ್ಮ ಹೇಳಿಕೊಟ್ಟರು. ಓನರಮ್ಮ ಮಗ್ಗಿ ಉರು ಹೊಡೆಯುವ ಮಕ್ಕಳ ಹಾಗೆ ತುಟಿ ಆಡಿಸಿದರು.

ಎರಡು ದಿನವಾದ ಮೇಲೆ ಮಧ್ಯಾಹ್ನ, ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ನಾನು ಮೆಟ್ಟಿಲಲ್ಲಿ ಕೂತು ಓದಿಕೊಳ್ಳುತ್ತಿದ್ದೆ. ನಡುಮನೆಯಿಂದ ಆ ಹೆಸರು ಕೇಳಿಸಿತು. ಒಮ್ಮೆ, ಒಡಕು ದನಿಯಲ್ಲಿ. ಸ್ವಲ್ಪ ತಡೆದು, "ನೀರು ಕೊಡವ್ವ." ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ಬೆನ್ನು ಕಾಣುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ಕೈ ನಿಂತಿತು. ಅವರು ತಿರುಗುತ್ತಾರೆಂದು ನಾನು ಕಾದೆ.

ಅಕ್ಕ ಬಗ್ಗಿ ನಾಯಿಯ ತಲೆ ಸವರಿದರು. "ಪಿಂಕಿ, ಯಾರೋ ಯಾರನ್ನೋ ಕರೀತಿದಾರೆ ಕಣೆ. ಅಷ್ಟ್ ಚೆನ್ನಾಗಿರೋ ಹೆಸರಿನೋರು ಈ ಮನೇಲಿ ಯಾರಿದಾರೆ?"

ನೀರು ಗಂಜಿಯ ಹೊತ್ತಿಗೆ, ಗಂಜಿಯ ಜೊತೆ ಹೋಯಿತು. ಆ ಸಂಜೆ ನಾನು ಎರಡನೆಯ ಕಾಲಮ್ಮಿನಲ್ಲಿ ಒಂದು ಗೀಟು ಎಳೆದೆ. ಇನ್ನೊಂದು ಎಳೆಯಬೇಕಾಗಲಿಲ್ಲ. ಓನರಮ್ಮ ಮತ್ತೆ ಯಾರನ್ನೂ ಕರೆಯಲಿಲ್ಲ, ಪಿಂಕಿಯನ್ನು ಕೂಡ. ದೀಪಾವಳಿಗೆ ಮುಂಚೆಯೇ ತೀರಿಕೊಂಡರು. ವರ್ಷದೊಳಗೆ ನಾವೂ ಮನೆ ಬದಲಾಯಿಸಿದೆವು.

ಕಳೆದ ವಾರ ಆ ಬಸ್ಸಿಳಿದವಳು ನೇರ ಮನೆಗೆ ಬರದೆ ಆ ಬೀದಿಗೆ ಹೋದೆ. ಅಕ್ಕ ಮೆಟ್ಟಿಲ ಬುಡದಲ್ಲಿ ಪಿಂಕಿಗೆ ಎಣ್ಣೆ ಸವರುತ್ತಿದ್ದರು. ನಾಯಿ ಮುದಿಯಾಗಿದೆ. ಕಣ್ಣಿಗೆ ಪೊರೆ ಬಂದಿದೆ. ಕಿವಿ ಪೂರ್ತಿ ಹೋಗಿದೆಯಂತೆ. ನನ್ನನ್ನು ನೋಡಿ ಅಕ್ಕ ನಕ್ಕರು.

"ಪಿಂಕಿ, ಮೇಲಿನ್ ಮನೆ ಹುಡುಗಿ ಬಂದಿದಾಳೆ ನೋಡು. ಇಷ್ಟ್ ವರ್ಷಕ್ಕೆ ನೆನಪಾಯ್ತಾ ಕೇಳು."

"ಚೆನ್ನಾಗಿದೀರಾ ಅಕ್ಕ?" ಎಂದೆ, ಅವರ ಹೆಸರನ್ನೂ ಸೇರಿಸಿ.

"ಚೆನ್ನಾಗಿದೀವಿ ಅಂತ ಹೇಳು ಪಿಂಕಿ" ಎಂದರು.

ತೆರೆದ ಬಾಗಿಲಿನಲ್ಲಿ ಓನರಮ್ಮನ ಫೋಟೊ ಕಾಣುತ್ತಿತ್ತು. ನನ್ನ ಹೆಸರು ಹಿಡಿದು ಕೂಗಿ ಅರ್ಧ ಬನ್ನು ಕೊಡಲು ಆ ಮೆಟ್ಟಿಲ ಬಳಿ ಈಗ ಯಾರೂ ಇಲ್ಲ ಎನ್ನುವುದು ಅಲ್ಲಿ ನಿಂತಾಗಲೇ ನನಗೆ ಸರಿಯಾಗಿ ತಟ್ಟಿದ್ದು. ಅಷ್ಟರಲ್ಲಿ ಒಳಗಿನಿಂದ ಅಕ್ಕನ ಗಂಡನ ದನಿ ಬಂತು.

"ಪಿಂಕಿ, ನನ್ ಊಟದ್ ಡಬ್ಬಿ ಆಯ್ತಂತಾ? ಪಾಳಿಗ್ ಹೊತ್ತಾಯ್ತು."

ನಾಯಿಗೆ ಕೇಳಿಸಲಿಲ್ಲ. ಅಕ್ಕ ಅದರ ಕಿವಿಯ ಹಿಂದೆ ಎಣ್ಣೆ ತಿಕ್ಕುತ್ತಲೇ ಇದ್ದರು. ಆತ ಇನ್ನೊಮ್ಮೆ, ಇನ್ನೂ ಜೋರಾಗಿ ಕೇಳಿದ. ಅಕ್ಕ ಉತ್ತರ ಕೊಡಲಿಲ್ಲ. ಅವರನ್ನು ಕೇಳಿರಲಿಲ್ಲವಲ್ಲ.